ಫ್ಲೆಶ್, ಫಾಗ್, ಸ್ಮಾಗ್, ಕ್ಲೋಜ್: ಕನ್ನಡ ಪಠ್ಯದ ಸುಲಭತೆ ಅಳೆಯಲು ಯಾವುದನ್ನು ನಂಬಬಹುದು?

"ಕಿಟಕಿಯಿಂದ ನೋಡಿದರೆ ಬೆಟ್ಟ ಕಾಣುತ್ತದೆ." ಚಿಕ್ಕ ಮಕ್ಕಳಿಗೂ ಅರ್ಥವಾಗುವ ವಾಕ್ಯ. ಪದ 4, ಉಚ್ಚಾರಾಂಶ 15. ಇದನ್ನೇ ಪಠ್ಯದ ಸುಲಭತೆ ಅಳೆಯಲು ಇಂಗ್ಲಿಷಿಗಾಗಿ ಮಾಡಿದ ಸೂತ್ರಗಳಿಗೆ ಹಾಕಿ ನೋಡೋಣ.

ಫ್ಲೆಶ್ (1948): 206.835ರಿಂದ, ವಾಕ್ಯಕ್ಕೆ ಸರಾಸರಿ ಎಷ್ಟು ಪದ ಎಂಬುದರ 1.015 ಪಟ್ಟನ್ನೂ ಪದಕ್ಕೆ ಸರಾಸರಿ ಎಷ್ಟು ಉಚ್ಚಾರಾಂಶ ಎಂಬುದರ 84.6 ಪಟ್ಟನ್ನೂ ಕಳೆಯಬೇಕು. ನೂರರ ಹತ್ತಿರ ಬಂದರೆ ಬಲು ಸುಲಭ, ಸೊನ್ನೆಯ ಹತ್ತಿರ ಬಲು ಕಷ್ಟ. ನಮ್ಮ ವಾಕ್ಯಕ್ಕೆ ಬರುವುದು ಮೈನಸ್ 114! ಅದೇ ಎಣಿಕೆಯನ್ನು ತರಗತಿಯ ಲೆಕ್ಕಕ್ಕೆ ಇಳಿಸುವ ಫ್ಲೆಶ್-ಕಿನ್‌ಕೇಡ್ (1975, ಅಮೆರಿಕದ ನೌಕಾಪಡೆಗಾಗಿ ಮಾಡಿದ್ದು) 30ನೇ ತರಗತಿ ಎನ್ನುತ್ತದೆ. ವಾಕ್ಯದ ಉದ್ದವನ್ನೂ ಮೂರು ಅಥವಾ ಹೆಚ್ಚು ಉಚ್ಚಾರಾಂಶದ ಪದಗಳ ಪ್ರಮಾಣವನ್ನೂ ನೋಡುವ ಗನ್ನಿಂಗ್ ಫಾಗ್ ಕೊಡುವ ತರಗತಿ 31.6.

ಸ್ಮಾಗ್‌ಗೆ (1969) 30 ವಾಕ್ಯ ಬೇಕು: ಮೊದಲಲ್ಲಿ 10, ನಡುವೆ 10, ಕೊನೆಯಲ್ಲಿ 10. ಇಂಥವೇ 30 ವಾಕ್ಯಗಳಲ್ಲಿ ಮೂರು ಅಥವಾ ಹೆಚ್ಚು ಉಚ್ಚಾರಾಂಶದ ಪದಗಳು 90. ಅದರ ವರ್ಗಮೂಲಕ್ಕೆ 3 ಕೂಡಿಸಿದರೆ ತರಗತಿ ಸುಮಾರು 12.5. ಸಭ್ಯವಾಗಿ ಕಾಣುತ್ತದೆ, ಆದರೆ ವರ್ಗಮೂಲ ತಪ್ಪನ್ನು ಕುಗ್ಗಿಸಿದೆಯೇ ಹೊರತು ತಿದ್ದಿಲ್ಲ.

ಕಾರಣ ಸರಳ. ಇಂಗ್ಲಿಷಿನಲ್ಲಿ ಬಿಡಿ ಪದಗಳಾಗಿ ನಿಲ್ಲುವ ಎಷ್ಟೋ ಅಂಶಗಳು ನಮ್ಮಲ್ಲಿ "ಇಂದ" (ಕಿಟಕಿಯಿಂದ), "ಅರೆ" (ನೋಡಿದರೆ) ಎಂಬಂಥ ಪ್ರತ್ಯಯಗಳಾಗಿ ಪದಕ್ಕೇ ಅಂಟುತ್ತವೆ. "ಹೋಗಬೇಕಾಗಿರಲಿಲ್ಲ" ಒಂದೇ ಪದ, ಎಂಟು ಉಚ್ಚಾರಾಂಶ, ಯಾರಿಗೂ ಕಷ್ಟವಲ್ಲ. ಸುಮಾರು 3000 ಪರಿಚಿತ ಪದಗಳ ಪಟ್ಟಿ ಇಟ್ಟುಕೊಂಡು ಅದರಲ್ಲಿಲ್ಲದ ಪದಗಳನ್ನು ಎಣಿಸುವ ಡೇಲ್-ಚಾಲ್ ವಿಧಾನ ಇವಕ್ಕಿಂತ ಮೇಲು. ಆದರೆ ಕನ್ನಡಕ್ಕೆ ಅಂಥ ಪಟ್ಟಿ ಮಾಡಿದರೂ, ಮೊದಲು ಸಂಧಿ ಬಿಡಿಸಿ ಪ್ರತ್ಯಯ ಕಳಚಬೇಕು. ಇಲ್ಲದಿದ್ದರೆ "ಮನೆ" ಪರಿಚಿತ, "ಮನೆಯವರೊಂದಿಗೆ" ಅಪರಿಚಿತ.

ಇಂಗ್ಲಿಷಿನಲ್ಲೂ ಉಳಿಯುವ ದೋಷ ಇದಕ್ಕಿಂತ ಅಪಾಯಕಾರಿ. ಪದಗಳನ್ನು ಹಿಂದುಮುಂದು ಮಾಡಿ, ಅಂಕ ಕದಲುವುದಿಲ್ಲ. "ಹೊಟ್ಟೆ ಉರಿಯುವುದರಿಂದ ಈ ಮಾತ್ರೆಯನ್ನು ಊಟದ ನಂತರವೇ ನುಂಗಿ" ಎಂಬುದನ್ನು "ಈ ಮಾತ್ರೆಯನ್ನು ಊಟದ ನಂತರವೇ ನುಂಗಿ. ಹೊಟ್ಟೆ ಉರಿಯುತ್ತದೆ" ಎಂದು ಕತ್ತರಿಸಿದರೆ ಅಂಕ ಸುಧಾರಿಸುತ್ತದೆ. ಆದರೆ ಊಟದ ನಂತರ ನುಂಗಿದರೂ ಉರಿಯುತ್ತದೆಯೇ ಎಂದು ರೋಗಿ ಕೇಳುವಂತಾಗುತ್ತದೆ. ಇನ್ನು ತಂತ್ರಾಂಶ ಬಳಸುವವರು ಗಮನಿಸಿ: "ಡಾ.", "ರೂ." ಚುಕ್ಕಿಗಳನ್ನು ಅದು ವಾಕ್ಯದ ಕೊನೆ ಎಂದು ಎಣಿಸಬಹುದು, ಚುಕ್ಕಿಯಿಲ್ಲದ ತಲೆಬರಹ ಮುಂದಿನ ವಾಕ್ಯಕ್ಕೆ ಸೇರಿಹೋಗಬಹುದು.

ಕನ್ನಡಕ್ಕೆ ನಮ್ಮ ಆಯ್ಕೆ ಕ್ಲೋಜ್ ಪರೀಕ್ಷೆ (1953), ಅಂದರೆ ಅಳಿಸಿದ ಪದಗಳನ್ನು ಓದುಗರಿಂದ ತುಂಬಿಸಿ ನೋಡುವುದು. ಸುಮಾರು 250 ಪದಗಳ ಭಾಗ ತೆಗೆದುಕೊಳ್ಳಿ. ಮೊದಲ ವಾಕ್ಯ ಮುಟ್ಟಬೇಡಿ, ಆಮೇಲೆ ಪ್ರತಿ ಐದನೇ ಪದ ಅಳಿಸಿ ಒಂದೇ ಉದ್ದದ ಗೆರೆ ಎಳೆಯಿರಿ. ಆ ಬರಹ ಯಾರಿಗಾಗಿಯೋ ಅವರಿಂದಲೇ ತುಂಬಿಸಿ. ಸಮಯ ಹಿಡಿಯುತ್ತದೆ, ನಿಜ. ಅಂಕ ಕೊಡುವಾಗ ಮೂಲಪದಕ್ಕೊಂದು, ಪ್ರತ್ಯಯಕ್ಕೊಂದು ಎಂದು ಎರಡು ಕಾಲಂ ಇಡಿ. ಮೂಲಪದ ತಪ್ಪಿದರೆ ಪದ ಬದಲಿಸಿ. ಮೂಲಪದ ಸರಿಯಿದ್ದು ಪ್ರತ್ಯಯ ತಪ್ಪುತ್ತಿದ್ದರೆ ವಾಕ್ಯವನ್ನೇ ಹೊಸದಾಗಿ ಕಟ್ಟಿ.