ಒಂದೂವರೆ ವರ್ಷ, 16 ಡಬ್ಬಿ ಪೆಲೆಟ್: ನಮ್ಮ ಮನೆಯ ಮೊದಲ ಏರ್ ರೈಫಲ್

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ ದಿನ ನನ್ನ ಮಗ ಊಟಕ್ಕೆ ಎಷ್ಟು ಕರೆದರೂ ಟಿವಿ ಮುಂದಿನಿಂದ ಏಳಲಿಲ್ಲ. ಆಗ ಅವನು ಎಂಟನೇ ಕ್ಲಾಸು. ಅದಕ್ಕೂ ಮುಂಚೆ ಅವನ ತಲೆಯಲ್ಲಿ ಕೂತಿದ್ದದ್ದು ಏರ್‌ಸಾಫ್ಟ್. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ ವಿಡಿಯೊ ತೋರಿಸಿ ತೋರಿಸಿ ಆಸೆ ಹತ್ತಿಸಿದ್ದ. ನಾವು ಕೊನೆಗೆ ಕೊಂಡದ್ದು ಗುರಿ ಹೊಡೆಯುವ ಏರ್ ರೈಫಲ್, ಆ ವರ್ಷದ ದಸರಾ ರಜೆಯಲ್ಲಿ. ಈಗ ಒಂದೂವರೆ ವರ್ಷ ಆಯಿತು. ಪೆಲೆಟ್ ಅಂದರೆ ಇದಕ್ಕೆ ಹಾಕುವ ಪುಟ್ಟ ಸೀಸದ ಗುಂಡು; 500 ಪೆಲೆಟ್‌ಗಳ 16 ಡಬ್ಬಿ ಖಾಲಿಯಾಗಿವೆ. ಹೊಸದಾಗಿ ಶುರು ಮಾಡುವವರು ಏನು ಕೊಳ್ಳಬೇಕು, ಏನು ಕೊಳ್ಳಬಾರದು ಅಂತ ಈಗ ಧೈರ್ಯವಾಗಿ ಹೇಳಬಲ್ಲೆ.

ಏರ್‌ಸಾಫ್ಟ್ ಬೇರೆ, ಇದು ಬೇರೆ. ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಥರ ಕಾಣುತ್ತವೆ. ಏರ್‌ಸಾಫ್ಟ್‌ನದು 6 ಮಿ.ಮೀ. ಪ್ಲಾಸ್ಟಿಕ್ ಗೋಲಿ, ಶಕ್ತಿ ಹೆಚ್ಚುಕಡಿಮೆ 1 ಜೂಲ್. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಹೊಡೆಯುವ ಆಟ ಅದು. ನಮ್ಮದರಲ್ಲಿ ಹೋಗುವುದು 4.5 ಮಿ.ಮೀ. ಸೀಸದ ಪೆಲೆಟ್, ಶಕ್ತಿ ಅದರ ಎಷ್ಟೋ ಪಟ್ಟು. ಇದನ್ನು ಯಾರ ಕಡೆಗೂ ತಿರುಗಿಸುವ ಹಾಗಿಲ್ಲ, ಖಾಲಿ ಇದ್ದರೂ ಇಲ್ಲ, ತಮಾಷೆಗೂ ಇಲ್ಲ. ಏರ್‌ಸಾಫ್ಟ್ ವಿಡಿಯೊ ನೋಡಿ ಬೆಳೆದ ಹುಡುಗರಿಗೆ ಈ ಮಾತನ್ನು ಮೊದಲ ದಿನವೇ ಕೂರಿಸಿಕೊಂಡು ಹೇಳಬೇಕು. ನಮ್ಮ ಮನೆಯಲ್ಲಿ ನಿಯಮ ಒಂದೇ: ಬ್ಯಾರಲ್ ತುದಿ ತಪ್ಪು ಕಡೆ ತಿರುಗಿತೋ, ಆ ವಾರ ರೈಫಲ್ ಬೀರುವಿನಿಂದ ಆಚೆ ಬರುವುದಿಲ್ಲ. ಎರಡು ಸಲ ಹಾಗೆ ಆಗಿದೆ. ಮೂರನೇ ಸಲ ಆಗಿಲ್ಲ.

ರೈಫಲ್ ತಂದದ್ದು ಬೆಂಗಳೂರಿನಿಂದ. ಅಂಗಡಿಯವರು ಆಧಾರ್ ನೋಡಿ ಬಿಲ್ಲನ್ನು ನನ್ನ ಹೆಸರಿಗೆ ಮಾಡಿದರು. ಆ ಬಿಲ್ಲಿನ ಜೆರಾಕ್ಸ್ ಈಗಲೂ ರೈಫಲ್ ಚೀಲದ ಜೇಬಿನಲ್ಲೇ ಇದೆ. ನಮ್ಮ ದೇಶದಲ್ಲಿ 4.5 ಮಿ.ಮೀ. ಬೋರ್ (ಬ್ಯಾರಲ್ ಕೊಳವೆಯ ಒಳಗಿನ ಅಗಲ), 20 ಜೂಲ್ ಶಕ್ತಿ, ಈ ಎರಡು ಮಿತಿಯೊಳಗೆ ಇರುವ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಇದನ್ನು ಕೇಳಿದ ತಕ್ಷಣ ಜನ 20 ಜೂಲ್‌ಗೆ ಎಷ್ಟು ಹತ್ತಿರ ಸಿಗುತ್ತದೋ ಅಷ್ಟು ಕೊಳ್ಳಲು ಹೋಗುತ್ತಾರೆ. ಅಂಗಡಿಯ ಹುಡುಗನೂ ನಮಗೆ ಅದನ್ನೇ ಕೈಗೆ ಕೊಟ್ಟ. "ಇದು ತಗೊಳ್ಳಿ ಮೇಡಂ, ಪವರ್ ಜಾಸ್ತಿ ಇದೆ."

ಮಗ ಬ್ಯಾರಲ್ ಹಿಡಿದು ಕೆಳಕ್ಕೆ ಎಳೆದ. ಅರ್ಧಕ್ಕೆ ಬಂತು, ಮುಂದೆ ಹೋಗಲಿಲ್ಲ. ರೈಫಲ್ಲನ್ನು ತೊಡೆಗೆ ಒತ್ತಿ ಹಿಡಿದು ಇನ್ನೊಮ್ಮೆ ಎಳೆದ ಮೇಲೆ ಕ್ಲಿಕ್ ಅಂತು. ಅಷ್ಟರಲ್ಲಿ ಅವನ ಕೈ ನಡುಗುತ್ತಿತ್ತು. ಬ್ಯಾರಲ್ ಮಡಚಿ ಎಳೆದಾಗಲೇ ಒಳಗಿನ ಸ್ಪ್ರಿಂಗ್ ಒತ್ತಿ ಕೂರುವುದು, ಹಾಗಾಗಿ ಸ್ಪ್ರಿಂಗ್ ರೈಫಲ್‌ನಲ್ಲಿ ಒಂದೊಂದು ಹೊಡೆತಕ್ಕೂ ಹೀಗೆ ಎಳೆಯಲೇಬೇಕು. ಒಂದು ಬೆಳಗ್ಗೆ 60 ಸಲ ಎಳೆದು ನಡುಗುವ ಕೈಯಲ್ಲಿ ಗುರಿ ಹಿಡಿಯೋದು ಹೇಗೆ? ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಯ ರೈಫಲ್‌ಗಳ ಶಕ್ತಿಯೇ ಸುಮಾರು 7.5 ಜೂಲ್. ಕಾಗದದಲ್ಲಿ ತೂತು ಮಾಡುವುದಕ್ಕೆ ಅದಕ್ಕಿಂತ ಹೆಚ್ಚು ಬೇಕಾಗಿಲ್ಲ ಅಲ್ವಾ? ನಾವು ಸಾಲಿನಲ್ಲೇ ಹಗುರವಾದ, ಕಡಿಮೆ ಶಕ್ತಿಯ, ನಮ್ಮ ದೇಶದಲ್ಲೇ ತಯಾರಾದ ಸ್ಪ್ರಿಂಗ್ ರೈಫಲ್ ತಗೊಂಡೆವು. ಬೆಲೆ 9,800 ರೂಪಾಯಿ. ಒಂದೂವರೆ ವರ್ಷದಲ್ಲಿ ನಾನು ತೀರ್ಮಾನಿಸಿದ ವಿಷಯಗಳಲ್ಲಿ ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

ಹೊಡೆಯುವ ಜಾಗ ಅಣ್ಣನ ತೋಟ. ಗುಬ್ಬಿ ಕಡೆ, ತುಮಕೂರಿನಿಂದ ಅರ್ಧ ಗಂಟೆ. ಪಂಪ್‌ಹೌಸ್ ಪಕ್ಕ ಉದ್ದಕ್ಕೆ ತೆಂಗಿನಕಾಯಿ ಹಾಕುವ ಶೆಡ್ ಇದೆ, 12 ಮೀಟರ್ ಸಿಗುತ್ತದೆ. ಕೊನೆಯಲ್ಲಿ ಕಲ್ಲಿನ ಗೋಡೆ. ಗೋಡೆ ಇದೆಯಲ್ಲ, ಸಾಕು ಅಂದುಕೊಂಡು ಮೊದಲ ಭಾನುವಾರ ಒಂದು ಪ್ಲೈವುಡ್ ಹಲಗೆ ಒರಗಿಸಿ ಅದಕ್ಕೆ ಗುರಿಯ ಕಾರ್ಡ್ ಅಂಟಿಸಿದೆವು. ನಾಲ್ಕನೇ ಗುಂಡೋ ಐದನೆಯದೋ, ನನ್ನ ಕಾಲ ಹತ್ತಿರ ಇದ್ದ ಸ್ಟೀಲ್ ಚೊಂಬು ಟಣ್ ಅಂತು. ಬಗ್ಗಿ ನೋಡಿದರೆ ಚಪ್ಪಟೆಯಾದ ಸೀಸದ ಬಿಲ್ಲೆ ನೆಲದ ಮೇಲಿತ್ತು. ಗಟ್ಟಿ ವಸ್ತುವಿಗೆ ಬಡಿದ ಪೆಲೆಟ್ 10 ಮೀಟರ್ ದೂರ ವಾಪಸ್ ಬರಬಲ್ಲದು ಅಂತ ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಚೊಂಬಿನ ಜಾಗದಲ್ಲಿ ಕಣ್ಣಿದ್ದಿದ್ದರೆ? ಅಲ್ಲಿಗೆ ನಿಲ್ಲಿಸಿ ಮನೆಗೆ ಬಂದೆವು.

ಸೋಮವಾರ ಬೆಳಗ್ಗೆ ಮೊದಲ ಕೆಲಸ, ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಯಿಂದ ಪಾಲಿಕಾರ್ಬೊನೇಟ್ ಕನ್ನಡಕ ತಂದದ್ದು. ಒಂದಕ್ಕೆ 180 ರೂಪಾಯಿ, ಮೂರು ತಂದೆ. ಚೌಕಟ್ಟಿನ ಮೇಲೆ ಇಎನ್ 166 (ಕಣ್ಣಿನ ರಕ್ಷಣೆಯ ಗುಣಮಟ್ಟದ ಗುರುತು) ಅಂತ ಅಚ್ಚು ಇದೆಯಾ ನೋಡಿ ತಗೊಳ್ಳಿ. ಕೂಲಿಂಗ್ ಗ್ಲಾಸ್ ಇದಕ್ಕೆ ಆಗುವುದಿಲ್ಲ. ಓದುವ ಕನ್ನಡಕವೂ ಆಗುವುದಿಲ್ಲ, ನಾನು ಅದರ ಮೇಲೇ ಇದನ್ನು ಹಾಕಿಕೊಳ್ಳುತ್ತೇನೆ. ಹೊಡೆಯುವವರು ಮಾತ್ರ ಅಲ್ಲ, ನೋಡಲು ಬಂದವರಿಗೂ ಬೇಕು. ಅದಕ್ಕೇ ಮೂರು.

ಗುಂಡು ತಡೆಯುವ ಪೆಟ್ಟಿಗೆಗೆ ಅಣ್ಣ ಮೊದಲು ಕೊಟ್ಟದ್ದು ತೆಂಗಿನ ನಾರಿನ ಪುಡಿ ತುಂಬಿದ ಚೀಲ. ನಮ್ಮ ಕಡೆ ಅದಕ್ಕೇನು ಬರ. ಆದರೆ ನೂರು ಗುಂಡು ಆಗುವಷ್ಟರಲ್ಲಿ ಚೀಲ ತೂತಾಗಿ ಪುಡಿ ಸುರಿಯಲು ಶುರುವಾಯಿತು. ಆಮೇಲೆ ಬಡಗಿಯಿಂದ ಒಂದೂವರೆ ಅಡಿ ಚೌಕದ, ಒಂದಡಿ ಆಳದ ಮರದ ಪೆಟ್ಟಿಗೆ ಮಾಡಿಸಿದೆ. ಹಿಂದೆ ಒಳಗಡೆ ದಪ್ಪ ಕಬ್ಬಿಣದ ಶೀಟು. ಅದರ ಮುಂದೆ ಹಳೇ ಜೀನ್ಸ್, ಹರಿದ ಬೆಡ್‌ಶೀಟು, ಕಾಟನ್ ಸೀರೆ, ಕಾಲಿನಿಂದ ತುಳಿದು ತುಳಿದು ಬಿಗಿಯಾಗಿ ತುಂಬಿದೆವು. ಮುಂದಕ್ಕೆ ರಟ್ಟು. ಬಟ್ಟೆಗೆ ಹೊಕ್ಕ ಪೆಲೆಟ್ ಅಲ್ಲೇ ಉಳಿಯುತ್ತದೆ, ಸದ್ದೂ ಕಡಿಮೆ. ಆರು ತಿಂಗಳಿಗೊಮ್ಮೆ ಬಿಚ್ಚಿ ಸೀಸ ಆಯ್ದು ತೆಗೆಯುತ್ತೇವೆ. ಹೋದ ತಿಂಗಳು ಗುಜರಿಯವನ ತಕ್ಕಡಿಯಲ್ಲಿ ಒಟ್ಟು ಮೂರು ಮುಕ್ಕಾಲು ಕೆಜಿ ತೂಗಿತು. ಪೆಟ್ಟಿಗೆಗೆ ಬಿದ್ದದ್ದು 900 ರೂಪಾಯಿ. ಹೊಸಬರು ರೈಫಲ್ ಕೊಳ್ಳುವ ಮುಂಚೆಯೇ ಇದನ್ನು ಮಾಡಿಸಿಟ್ಟುಕೊಳ್ಳಬೇಕು.

ಸೀಸ ಅಂದಮೇಲೆ ಇನ್ನೊಂದು ಮಾತು. ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಏನನ್ನೂ ತಿನ್ನುವ ಹಾಗಿಲ್ಲ. ಕೈ ಖಾಲಿ ಇಲ್ಲ ಅಂತ ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಕೆಲವರಿಗೆ ಇದೆ. ದಯವಿಟ್ಟು ಬೇಡ. ಅಣ್ಣನ ಮನೆಯಲ್ಲಿ ಮೂರು ವರ್ಷದ ಕೂಸು ಇದೆ. ಅದಕ್ಕೇ ಡಬ್ಬಿಗಳನ್ನು ತೋಟದಲ್ಲಿ ಬಿಟ್ಟು ಬರುವುದಿಲ್ಲ.

ಗುರಿಯ ಕಾರ್ಡುಗಳನ್ನು ನಾನೇ ಮುದ್ರಿಸುತ್ತೇನೆ. ಬಿ.ಎಚ್. ರಸ್ತೆಯ ಹತ್ತಿರ ನಮ್ಮದು ಸಣ್ಣ ಜೆರಾಕ್ಸ್ ಅಂಗಡಿ, ಉಳಿದ ಲಗ್ನಪತ್ರಿಕೆಗಳ ದಪ್ಪ ಕಾಗದ ಬೇಕಾದಷ್ಟು ಇರುತ್ತದೆ. ಮೂರು ತಿಂಗಳು ಮಗ ಚೆನ್ನಾಗಿಯೇ ಹೊಡೆಯುತ್ತಿದ್ದ, ಆದರೂ ಅಂಕ ಕಡಿಮೆ ಬರುತ್ತಿತ್ತು. ಒಂದು ಸಂಜೆ ಅವನು ಜಾಮಿಟ್ರಿ ಬಾಕ್ಸ್‌ನ ಸ್ಕೇಲ್ ಇಟ್ಟು ಅಳೆದು ಕೂಗಿದ. "ಅಮ್ಮಾ, ಇದು ಚಿಕ್ಕದು!" 10 ಮೀಟರ್ ರೈಫಲ್ ಗುರಿಯ ಕಪ್ಪು ವೃತ್ತ 30.5 ಮಿ.ಮೀ. ಇರಬೇಕು, ಹೊರಗಿನ ವೃತ್ತ 45.5. ನಮ್ಮ ಕಾರ್ಡಿನಲ್ಲಿ ಕಪ್ಪು 29 ಇತ್ತು. ಪ್ರಿಂಟರ್ ಪುಟಕ್ಕೆ ಹೊಂದಿಸಲು ತಾನೇ ಕುಗ್ಗಿಸಿಬಿಟ್ಟಿತ್ತು. ದಿನಾ ನೂರಾರು ಪುಟ ಪ್ರಿಂಟ್ ಮಾಡುವ ನನಗೇ ಹೊಳೆದಿರಲಿಲ್ಲ. ನೀವೂ ಮುದ್ರಿಸಿಕೊಂಡರೆ ಅಳತೆ 100 ಪರ್ಸೆಂಟ್ ಅಂತ ಇಟ್ಟು, ಮೊದಲ ಹಾಳೆಯನ್ನು ಸ್ಕೇಲ್‌ನಲ್ಲಿ ಅಳೆದು ನೋಡಿ. ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ., ಪೆಲೆಟ್‌ಗಿಂತ ಎಷ್ಟೋ ಚಿಕ್ಕದು. ಅಂಥ ಗುರಿಯಲ್ಲಿ ಒಂದೂವರೆ ಮಿಲಿಮೀಟರು ಸಣ್ಣ ವ್ಯತ್ಯಾಸ ಅಲ್ಲ.

ಈಗ ರೈಫಲ್ ಬಗ್ಗೆ. ಹೊಸದರಲ್ಲಿ ಹೊಡೆದಾಗಲೆಲ್ಲ ಬ್ಯಾರಲ್‌ನಿಂದ ತೆಳ್ಳಗೆ ಹೊಗೆ, ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು. ಕಾರ್ಖಾನೆಯಲ್ಲಿ ಹಾಕಿದ ಎಣ್ಣೆ ಒಳಗೆ ಉಳಿದಿರುತ್ತದೆ, ಗಾಳಿ ಒಮ್ಮೆಲೇ ಒತ್ತಿದಾಗ ಆ ಬಿಸಿಗೆ ಉರಿಯುತ್ತದೆ. ಮುನ್ನೂರು ಗುಂಡಿನ ಹೊತ್ತಿಗೆ ನಿಂತಿತು. ಅಲ್ಲಿಯವರೆಗೆ ಗುರಿ ಅತ್ತ ಇತ್ತ ಹೋದರೆ ಬೇಜಾರು ಮಾಡಿಕೊಳ್ಳಬೇಡಿ. ಎಣ್ಣೆ ಕಮ್ಮಿಯಾಗಿದೆ ಅಂತ ಗಾಳಿ ಬರುವ ತೂತಿಗೆ ಇನ್ನಷ್ಟು ಎಣ್ಣೆ ಬಿಡಲೂ ಬೇಡಿ, ಒಳಗಿನ ಸೀಲ್ ಹಾಳಾಗುತ್ತದೆ. ಪೆಲೆಟ್ ಇಲ್ಲದೆ ಸುಮ್ನೆ ಹೊಡೆಯುವುದೂ ಅಷ್ಟೇ ಕೆಟ್ಟದ್ದು. ಸ್ಪ್ರಿಂಗ್ ತಳ್ಳಿದಾಗ ಗಾಳಿಯನ್ನು ಒತ್ತುವ ಪಿಸ್ಟನ್, ಎದುರು ಒತ್ತಡ ಸಿಗದೆ ನೇರ ಹೋಗಿ ಬಡಿಯುತ್ತದೆ.

ಪೆಲೆಟ್ ತುಂಬುವಾಗ ಎಡಗೈ ಬ್ಯಾರಲ್ ಬಿಡುವ ಹಾಗೇ ಇಲ್ಲ. ಮಡಚಿದ ಬ್ಯಾರಲ್ ಆಕಸ್ಮಾತ್ ಚಿಮ್ಮಿ ಮುಚ್ಚಿಕೊಂಡರೆ ಬೆರಳು ಉಳಿಯುವುದಿಲ್ಲ. ಬಲಗೈ ಹೆಬ್ಬೆರಳಿನಿಂದ ಪೆಲೆಟ್‌ನ ಅಂಚು ಬ್ಯಾರಲ್‌ಗೆ ಸಮ ಆಗುವವರೆಗೆ ಒತ್ತಬೇಕು. ಒಂದೇ ಸಮ ಒತ್ತುವುದನ್ನು ಕಲಿತ ಮೇಲೆ ಮಗನ ಗುಂಡುಗಳು ಒಂದೇ ಕಡೆ ಬೀಳತೊಡಗಿದವು.

ಹಿಡಿಯುವ ರೀತಿಯೂ ಹಾಗೇ. ಶುರುವಿನಲ್ಲಿ ಅವನು ಗುದ್ದಲಿ ಹಿಡಿದ ಹಾಗೆ ಬಿಗಿಯಾಗಿ ಹಿಡಿಯುತ್ತಿದ್ದ. ಸ್ಪ್ರಿಂಗ್ ರೈಫಲ್ ಪೆಲೆಟ್ ಆಚೆ ಹೋಗುವ ಮುಂಚೆಯೇ ಹಿಂದಕ್ಕೆ ಒಮ್ಮೆ, ಮುಂದಕ್ಕೆ ಒಮ್ಮೆ ಜಗ್ಗುತ್ತದೆ. ಬಿಗಿ ಹಿಡಿದರೆ ಪ್ರತಿ ಸಲವೂ ಬೇರೆ ಬೇರೆ ಥರ ಜಗ್ಗುತ್ತದೆ. ತೆರೆದ ಅಂಗೈ ಮೇಲೆ ಹಗುರಾಗಿ ಮಲಗಿಸಿದರೆ ಒಂದೇ ಥರ. "ಮಲಗಿರೋ ಮಗು ಎತ್ತಿಕೊಂಡ ಹಾಗೆ ಹಿಡಿಯೋ" ಅಂತ ಅವನ ಮಾವ ಹೇಳಿದ್ದು ಅವನಿಗೆ ತಕ್ಷಣ ಅರ್ಥವಾಯಿತು.

ನಾನು ದಂಡ ಮಾಡಿದ ದುಡ್ಡು ಸ್ಕೋಪ್‌ನದು (ಗುರಿ ನೋಡಲು ರೈಫಲ್ ಮೇಲೆ ಕೂರಿಸುವ ದುರ್ಬೀನು), 2,600 ರೂಪಾಯಿ. ನಾಲ್ಕನೇ ತಿಂಗಳಲ್ಲಿ ಹಾಕಿಸಿದೆ, ಆರನೇ ತಿಂಗಳಲ್ಲಿ ಒಳಗಿನ ಗೆರೆ ಓರೆಯಾಯಿತು. ಆ ಎರಡೂ ಕಡೆಯ ಜಗ್ಗು ಸಾಮಾನ್ಯ ಸ್ಕೋಪ್‌ಗಳಿಗೆ ತಡೆಯುವುದಿಲ್ಲವಂತೆ. ಮಾರಿದವರು ಅದನ್ನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ವಾಪಸ್ ತಗೊಳ್ಳಲೂ ಇಲ್ಲ. ರೈಫಲ್ ಜೊತೆ ಬರುವ ಕಬ್ಬಿಣದ ಸೈಟೇ ಹೊಸಬರಿಗೆ ಸಾಕು. ಕಣ್ಣು ಮುಂದಿನ ಕಡ್ಡಿಯ ಮೇಲೆ ನೆಟ್ಟಿರಬೇಕು, ದೂರದ ಕಪ್ಪು ವೃತ್ತ ಸ್ವಲ್ಪ ಮಬ್ಬಾಗಿ ಕಂಡರೆ ಅದೇ ಸರಿ.

ಏಳನೇ ತಿಂಗಳಲ್ಲಿ ದೊಡ್ಡ ತಲೆನೋವು ಬಂತು. ನಾಣ್ಯದಗಲ ಬೀಳುತ್ತಿದ್ದ ಗುಂಡುಗಳು ಅಂಗೈ ಅಗಲ ಚೆದುರಿದವು. ಮಗನಿಗೆ ಗಮನ ಇಲ್ಲ ಅಂತ ನಾನು ಎರಡು ವಾರ ಬೈದೆ. ಅವನು ಒಂದೂ ಮಾತಾಡದೆ ಹೊಡೆಯುತ್ತಲೇ ಇದ್ದ, ಕಣ್ಣಲ್ಲಿ ನೀರು. ಕೊನೆಗೆ ಅಣ್ಣ ರೈಫಲ್ ಕೈಗೆ ತಗೊಂಡು ಅಲ್ಲಾಡಿಸಿದ. "ಸ್ಕ್ರೂ ನೋಡಿದ್ಯೇನಮ್ಮಾ?" ಮರದ ಹಿಡಿಗೆ ಬ್ಯಾರಲ್ ಕೂರಿಸಿದ ಎರಡು ಸ್ಕ್ರೂಗಳೂ ಸಡಿಲ, ಉಗುರಿನಲ್ಲೇ ತಿರುಗುತ್ತಿದ್ದವು. ಬಿಗಿ ಮಾಡಿದ ಮೇಲೆ ಐದು ಗುಂಡೂ ಮತ್ತೆ ಒಂದೇ ಕಡೆ. ಅವತ್ತು ಮಗನ ಹತ್ತಿರ ಕ್ಷಮೆ ಕೇಳಿದೆ. ಈಗ ಆ ಸ್ಕ್ರೂಗಳಿಗೆ ಒಂದೊಂದು ಹನಿ ನೇಲ್ ಪಾಲಿಶ್ ಹಾಕಿದ್ದೇನೆ, ಸಡಿಲವಾದರೆ ಬಣ್ಣ ಬಿರುಕು ಬಿಟ್ಟು ಗೊತ್ತಾಗುತ್ತದೆ. ಗುರಿ ಕೆಟ್ಟರೆ ಮೊದಲು ಸ್ಕ್ರೂ ನೋಡಿ. ಮಕ್ಕಳನ್ನು ಬೈಯುವುದು ಆಮೇಲೆ.

ಪೆಲೆಟ್‌ನಲ್ಲಿ ಮಾತ್ರ ಜುಗ್ಗತನ ಬೇಡ. ಅತಿ ಅಗ್ಗದ ಡಬ್ಬಿಯಲ್ಲಿ ಅಂಚು ನೆಗ್ಗಿದವು ತುಂಬಾ ಇದ್ದವು. ಚಪ್ಪಟೆ ತಲೆಯ, ಸ್ವಲ್ಪ ಒಳ್ಳೆಯ ಪೆಲೆಟ್‌ಗೆ ಬದಲಾದ ಮೇಲೆ ಅದೇ ರೈಫಲ್, ಅದೇ ಕೈ, ಅಂಕ ಮಾತ್ರ ಏರಿತು. ಚಪ್ಪಟೆ ತಲೆ ಕಾಗದದಲ್ಲಿ ಪಂಚಿಂಗ್ ಮಷಿನ್ ಹೊಡೆದ ಹಾಗೆ ದುಂಡು ತೂತು ಮಾಡುತ್ತದೆ, ಅಂಕ ಓದುವುದು ಸುಲಭ.

ತೋಟಕ್ಕೆ ಬಂದ ನೆಂಟರು ಕೇಳುವುದು ಒಂದೇ ಪ್ರಶ್ನೆ. ಕೋತಿ ಎಳನೀರು ಹಾಳು ಮಾಡುತ್ತೆ, ನವಿಲು ಬಿತ್ತನೆ ತಿನ್ನುತ್ತೆ, ಒಂದು ಏಟು ಕೊಡಬಾರದಾ? ಕೊಡಬಾರದು. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಪಟ್ಟಿಯ ಹಕ್ಕಿ, ಹೊಡೆದರೆ ಜೈಲು. ಕಾನೂನು ಇಲ್ಲದಿದ್ದರೂ ನಾನು ಕೊಡುತ್ತಿರಲಿಲ್ಲ. ಜೀವ ಇರುವುದರ ಮೇಲೆ ಒಂದು ಸಲ ಹೊಡೆದ ಹುಡುಗನಿಗೆ ಆಮೇಲೆ ಕಾರ್ಡು ರುಚಿಸುವುದಿಲ್ಲ ಅಂತ ನನ್ನ ಭಯ.

ಮುಂದೆ ಸ್ಪರ್ಧೆಗೆ ಹೋಗಬೇಕು ಅನ್ನುವವರಿಗೆ ಈ ರೈಫಲ್ ಸಾಲದು. ಅಲ್ಲಿ ಬಳಸುವ ಗಾಳಿ ತುಂಬಿಸುವ ರೈಫಲ್‌ಗಳಿಗೆ ಲಕ್ಷದ ಮೇಲೆ ಬೆಲೆ. ಅದನ್ನು ಕೊಳ್ಳುವ ಮುಂಚೆ ಕೋಚ್ ಇರುವ ರೇಂಜ್‌ಗೆ ಹೋಗಿ ಅಲ್ಲಿನ ರೈಫಲ್‌ನಲ್ಲೇ ಕೆಲವು ತಿಂಗಳು ಅಭ್ಯಾಸ ಮಾಡುವುದು ಒಳ್ಳೆಯದು. ಮಗನಿಗೆ ಇನ್ನು ಎಸ್‌ಎಸ್‌ಎಲ್‌ಸಿ. ಅದು ಮುಗಿದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗುವ ಯೋಚನೆ ಇದೆ.

ಹೋದ ತಿಂಗಳು ಪೆಲೆಟ್ ಕಾರ್ಡಿನ ಕೆಳಗೆ ಕೆಳಗೆ ಬೀಳತೊಡಗಿತು. ಈ ಸಲ ಬೈಯಲಿಲ್ಲ. ಸ್ಕ್ರೂ ನೋಡಿದೆವು, ಬಿಗಿ ಇದ್ದವು. ಪಿಸ್ಟನ್ ಸೀಲ್ ಸವೆದಿತ್ತು. 8,000 ಗುಂಡಿಗೆ ಅದು ತಪ್ಪೇನಲ್ಲ. ಸೀಲ್‌ಗೆ 350 ರೂಪಾಯಿ, ಬದಲಾಯಿಸಿದ ಕೂಲಿ 500. ಒತ್ತಿದ ಸ್ಪ್ರಿಂಗ್ ಚಿಮ್ಮುತ್ತದೆ, ಮನೆಯಲ್ಲಿ ಬಿಚ್ಚಬೇಡಿ, ಗೊತ್ತಿದ್ದವರಿಗೇ ಕೊಡಿ. ಹೊಸ ಸೀಲ್ ಹಾಕಿಸಿದ ಮೇಲೆ ಹೊಡೆದ ಮೊದಲ ಕಾರ್ಡು ಈಗ ಅಂಗಡಿಯ ಜೆರಾಕ್ಸ್ ಮಷಿನ್ ಮೇಲೆ ಅಂಟಿಸಿದೆ. ಐದು ತೂತು, ಐದೂ ಕಪ್ಪಿನ ಒಳಗೆ. ಹಿಂದೆ ಯಾರದೋ ಮದುವೆಯ ಮುಹೂರ್ತ.