ತುಪ್ಪ, ಕೊಬ್ಬರಿ ಎಣ್ಣೆ, ಶೇಂಗಾ: ಹಸಿವನ್ನು ಯಾವುದು ಹೆಚ್ಚು ಹೊತ್ತು ತಡೆಯಿತು?

ಬೆಳಗ್ಗೆ ಎಂಟಕ್ಕೆ ಮೂರು ಇಡ್ಲಿ ತಿಂದರೆ ಹನ್ನೊಂದರೊಳಗೆ ನನ್ನ ಹೊಟ್ಟೆ ಚುರುಗುಟ್ಟುತ್ತದೆ, ಕೈ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತದೆ. ಯಾವ ಜಿಡ್ಡು ಇದನ್ನು ತಡೆಯಬಲ್ಲದು ಎಂದು ನಾಲ್ಕು ವಾರ ಪರೀಕ್ಷಿಸಿದೆ. ಇಡ್ಲಿ ಹಬೆಯಲ್ಲಿ ಬೇಯುವುದರಿಂದ ಬೇರೆ ಎಣ್ಣೆ ಬೆರೆಯುವ ಪ್ರಶ್ನೆಯಿಲ್ಲ. ಚಟ್ನಿಪುಡಿಗೆ ದಿನವೂ ಸುಮಾರು 14 ಗ್ರಾಂ ಜಿಡ್ಡು, ವಾರಕ್ಕೊಂದು ಬಗೆ. ಹಸಿವಾದ ಹೊತ್ತನ್ನು ಕ್ಯಾಲೆಂಡರಿನಲ್ಲೇ ಬರೆದಿಟ್ಟೆ.

ಮೊದಲು ತುಪ್ಪ. ಬಾಯಿಗೆ ಅದರಷ್ಟು ತೃಪ್ತಿ ಕೊಟ್ಟದ್ದು ಬೇರೊಂದಿಲ್ಲ, ಆದರೆ ಆ ಘಮಕ್ಕೇ ನಾಲ್ಕನೇ ಇಡ್ಲಿ ಬೇಕೆನಿಸುತ್ತಿತ್ತು. ಹನ್ನೊಂದೂವರೆಗೆ ಹಸಿವು.

ನನಗೆ ಭರವಸೆಯಿದ್ದದ್ದು ಕೊಬ್ಬರಿ ಎಣ್ಣೆಯ ಮೇಲೆ. ಎಂಸಿಟಿ (ಮಧ್ಯಮ ಉದ್ದದ ಸರಪಳಿಯ ಕೊಬ್ಬು) ಎಣ್ಣೆ ಹಸಿವು ತಡೆಯುತ್ತದೆ ಎಂದೆಲ್ಲ ಹೇಳುವ ಗುಣಗಳನ್ನು ಜನ ಇದಕ್ಕೂ ಹಚ್ಚುತ್ತಾರೆ. ಅದು ತಪ್ಪು. ಎಂಸಿಟಿಯಲ್ಲಿರುವುದು 8 ಮತ್ತು 10 ಇಂಗಾಲದ ಪರಮಾಣುಗಳ ಚಿಕ್ಕ ಕೊಬ್ಬಿನಾಮ್ಲಗಳು, ಅವು ಕರುಳಿನಿಂದ ನೇರ ಯಕೃತ್ತಿಗೆ ಹೋಗುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು 12 ಇಂಗಾಲದ ಲಾರಿಕ್ ಆಮ್ಲ, ಅದರ ಬಹುಪಾಲು ಮಿಕ್ಕ ಕೊಬ್ಬುಗಳ ದಾರಿಯನ್ನೇ ಹಿಡಿಯುತ್ತದೆ. ನನಗೆ ಹನ್ನೊಂದೂಕಾಲಕ್ಕೇ ಹಸಿವಾಯಿತು.

ಒಲಿಯಿಕ್ ಎಂಬ ಕೊಬ್ಬಿನಾಮ್ಲ ಹೆಚ್ಚಿರುವ ಶೇಂಗಾ ಎಣ್ಣೆಯೂ ಹನ್ನೊಂದೂವರೆ ದಾಟಲಿಲ್ಲ. ಜಿಡ್ಡು ಸಣ್ಣ ಕರುಳನ್ನು ಮುಟ್ಟಿದಾಗ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಒಸರಿ, ಜಠರ ಖಾಲಿಯಾಗುವುದು ನಿಧಾನವಾಗುತ್ತದೆ. ಮೂರರಿಂದಲೂ ಅಷ್ಟು ಲಾಭವಿದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು. 1995ರಲ್ಲಿ ಸಿಡ್ನಿಯ ಸುಸನ್ನಾ ಹೋಲ್ಟ್ ಮತ್ತು ಸಂಗಡಿಗರು 38 ಆಹಾರಗಳನ್ನು ಸಮ ಕ್ಯಾಲರಿಯಲ್ಲಿ ಹೋಲಿಸಿದಾಗ ಬೇಯಿಸಿದ ಆಲೂಗಡ್ಡೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ತುಂಬಿಸಿತ್ತು, ಬೆಣ್ಣೆ ತುಂಬಿದ ಕ್ರೊಸಾಂ ಎಂಬ ಫ್ರೆಂಚ್ ಬನ್ನು ಕಟ್ಟಕಡೆಗಿತ್ತು.

ನಾಲ್ಕನೇ ವಾರ ಎಣ್ಣೆಯನ್ನೇ ಬಿಟ್ಟೆ. 30 ಗ್ರಾಂ ಹುರಿದ ಶೇಂಗಾವನ್ನು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿನ ಜೊತೆ ಕುಟ್ಟಿ ಇಡ್ಲಿಗೆ ಹಚ್ಚಿಕೊಂಡೆ. ಜಿಡ್ಡು ಹೆಚ್ಚುಕಡಿಮೆ ಅಷ್ಟೇ, ಆದರೆ ಹಸಿವು ಹತ್ತಿರ ಸುಳಿದದ್ದು ಹನ್ನೆರಡೂಮುಕ್ಕಾಲಕ್ಕೆ! ಇದು ಸರಿಸಮಾನರ ಸ್ಪರ್ಧೆಯಲ್ಲ, ಒಪ್ಪುತ್ತೇನೆ. ಶೇಂಗಾದಲ್ಲಿ 7 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ, ನಾರಿದೆ, ಕ್ಯಾಲರಿಯೂ ಎಣ್ಣೆಗಿಂತ ಸುಮಾರು 45 ಜಾಸ್ತಿ. ಆದರೆ ಆ ವಾರ ನಾನು ಬಿಸ್ಕತ್ತಿನ ಡಬ್ಬಿ ಮುಟ್ಟಲಿಲ್ಲ. ಕಾಳಿನ ಕೋಶಗಳು ಒಡೆಯದೆ ಉಳಿದಷ್ಟೂ ಒಳಗಿನ ಜಿಡ್ಡು ತಡವಾಗಿ ಹೊರಬರುತ್ತದೆ, ಸ್ವಲ್ಪ ಜೀರ್ಣವಾಗದೆಯೂ ಹೋಗುತ್ತದೆ. ಮಿಕ್ಸಿಯಲ್ಲಿ ತೀರಾ ನುಣ್ಣಗೆ ತಿರುವಿದ ಒಂದು ದಿನ ಹನ್ನೆರಡಕ್ಕೇ ಹಸಿವಾಗಿತ್ತು. ಅಂದಿನಿಂದ ತರಿತರಿಯಾಗಿ ಒರಳಲ್ಲೇ ಕುಟ್ಟುತ್ತಿದ್ದೇನೆ.