ವಿಮಾನ ಮ್ಯೂಸಿಯಂನ ಹಳೇ ಲಾಗ್‌ಬುಕ್‌ಗಳಿಗೆ ಸ್ಕ್ಯಾನರೋ, ಕ್ಯಾಮೆರಾನೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿಯುವ ಸ್ಟ್ಯಾಂಡ್‌ಗೆ. ಆದರೆ ನಾನು ಮೊದಲು ಕೊಂಡಿದ್ದು ಫ್ಲ್ಯಾಟ್‌ಬೆಡ್ ಸ್ಕ್ಯಾನರ್, ಅಂದರೆ ಗಾಜಿನ ಮೇಲೆ ಹಾಳೆ ಬೋರಲು ಹಾಕುವಂಥದ್ದು. ಆಮೇಲೆ ಮೇಲಿನಿಂದ ನೋಡುವ ಬುಕ್ ಸ್ಕ್ಯಾನರ್ ತಂದು ನೋಡಿದೆ. ಕ್ಯಾಮೆರಾ ಬಂದಿದ್ದು ಕೊನೆಗೆ. ಅದೇ ಮೊದಲು ಬಂದಿದ್ದರೆ ಒಂದು ಲಾಗ್‌ಬುಕ್ಕಿನ ಹೊಲಿಗೆ ಉಳಿಯುತ್ತಿತ್ತು.

ಚಿಕ್ಕ ವಿಮಾನ ಮ್ಯೂಸಿಯಂ ಒಂದರ ದಾಖಲೆಗಳನ್ನು ಬಿಡುವಿದ್ದಾಗ ಹೋಗಿ ಡಿಜಿಟಲ್ ಮಾಡುತ್ತಿದ್ದೇನೆ. ವಿಮಾನಗಳನ್ನು ನೋಡೋಕೆ ಜನ ಬರುತ್ತಾರೆ. ಹಿಂದಿನ ಕೋಣೆಯ ಕಬ್ಬಿಣದ ಬೀರುಗಳಲ್ಲಿ ಇರೋದನ್ನು ಯಾರೂ ನೋಡುವುದಿಲ್ಲ. ಪೈಲಟ್‌ಗಳ ಲಾಗ್‌ಬುಕ್, ಎಂಜಿನ್ ಲಾಗ್‌ಬುಕ್, ಸುರುಳಿ ಸುತ್ತಿದ ನೀಲಿನಕ್ಷೆ, ಫೋಟೋ, ನೆಗೆಟಿವ್. ಆ ವಿಮಾನ ಎಲ್ಲಿ ಹಾರಿತು, ಯಾರು ಹಾರಿಸಿದರು, ಯಾವಾಗ ಎಂಜಿನ್ ಬದಲಾಯಿತು ಅನ್ನೋದೆಲ್ಲ ಇರೋದು ಅಲ್ಲೇ.

ನಾನು ಕೊಂಡ ಫ್ಲ್ಯಾಟ್‌ಬೆಡ್ ತೆಳ್ಳಗಿನದು. ಯುಎಸ್‌ಬಿ ತಂತಿಯೊಂದು ಸಿಕ್ಕಿಸಿದರೆ ಸಾಕು, ಓಡುತ್ತದೆ. ಬಿಡಿ ಹಾಳೆಗಳಿಗೆ ಇದು ನಿಜಕ್ಕೂ ಒಳ್ಳೆಯದು. ಟೈಪ್ ಮಾಡಿದ ಪತ್ರ ಇಟ್ಟರೆ ಬೆಳಕು ಸಮನಾಗಿ ಬೀಳುತ್ತದೆ, ಅಕ್ಷರ ಚೂಪಾಗಿ ಬರುತ್ತದೆ. ತೊಂದರೆ ಶುರುವಾಗಿದ್ದು ಲಾಗ್‌ಬುಕ್ ಇಟ್ಟಾಗ.

ಲಾಗ್‌ಬುಕ್ ನೋಡದವರಿಗೆ ಸ್ವಲ್ಪ ಹೇಳಬೇಕು. ಅದರಲ್ಲಿ ಒಂದು ಹಾರಾಟಕ್ಕೆ ಒಂದು ಸಾಲು. ಆ ಸಾಲು ಎಡಪುಟದಲ್ಲಿ ಶುರುವಾಗಿ ಬಲಪುಟದಲ್ಲಿ ಮುಗಿಯುತ್ತದೆ. ನಮ್ಮಲ್ಲಿರುವ ಪುಸ್ತಕಗಳಲ್ಲಿ ಎಡಗಡೆ ದಿನಾಂಕ, ವಿಮಾನದ ಮಾದರಿ, ನೋಂದಣಿ ಸಂಖ್ಯೆ, ಮಾಡಿದ ಕೆಲಸ. ಬಲಗಡೆ ಹಾರಿದ ಗಂಟೆ, ನಿಮಿಷ. ಗಂಟೆಗಳ ಮೊದಲ ಅಂಕಣ ಹೊಲಿಗೆಗೆ ಅಂಟಿಕೊಂಡೇ ಇದೆ. ಪುಟದ ಕೆಳಗೆ ಮೊತ್ತ, ಅದೇ ಮೊತ್ತ ಮುಂದಿನ ಪುಟದ ತಲೆಯ ಮೇಲೆ.

ತೆಳ್ಳಗಿನ ಸ್ಕ್ಯಾನರ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಸಿಐಎಸ್ ಸೆನ್ಸರ್. ಗಾಜಿಗೆ ಅಂಟಿದ ಕಾಗದವನ್ನು ಮಾತ್ರ ಅದು ಚೆನ್ನಾಗಿ ನೋಡುತ್ತದೆ. ಕಾಗದ ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಸುಕು. ಹೊಲಿಗೆಯ ಹತ್ತಿರ ಪುಟ ಏಳದೆ ಇರುತ್ತದಾ? ಏಳುತ್ತದೆ. ಹಾಗಾಗಿ ಪ್ರತಿ ಪುಟದಲ್ಲೂ ಗಂಟೆಗಳ ಅಂಕಣದ ಮೇಲೆ ಒಂದು ಬೂದು ಪಟ್ಟಿ. ಒಂದು ಸಾಲಿನಲ್ಲಿ 1 ಗಂಟೆ 35 ನಿಮಿಷವೋ 55 ನಿಮಿಷವೋ ಗೊತ್ತೇ ಆಗಲಿಲ್ಲ. ಮೂಲ ಪುಸ್ತಕ ತೆಗೆದು ನೋಡಬಹುದು, ಸರಿ. ಆದರೆ ಅದನ್ನು ಮತ್ತೆ ಮತ್ತೆ ತೆರೆಯಬಾರದು ಅಂತಲೇ ಅಲ್ವಾ ಈ ಕೆಲಸ ಮಾಡೋದು?

ನಾನು ಅಂಗೈಯಿಂದ ಪುಸ್ತಕದ ಬೆನ್ನು ಒತ್ತಿದೆ. ಪಟ್ಟಿ ಸ್ವಲ್ಪ ಸಣ್ಣದಾಯಿತು. ಇನ್ನೂ ಸ್ವಲ್ಪ ಒತ್ತಿದೆ. ಹೀಗೇ ನಲವತ್ತು ಪುಟ ಆಗಿರಬೇಕು, ಒಳಗಿಂದ ಟಪ್ ಅಂತ ಸದ್ದು ಬಂತು. ಎತ್ತಿ ನೋಡಿದರೆ ದಾರ ಕಿತ್ತುಹೋಗಿ ನಡುವಿನ ನಾಲ್ಕು ಹಾಳೆ ಸಡಿಲವಾಗಿ ಹೊರಗೆ ಇಣುಕುತ್ತಿತ್ತು. ಇಷ್ಟು ವರ್ಷ ಗಟ್ಟಿಯಾಗಿದ್ದ ಪುಸ್ತಕ ನನ್ನ ಕೈಯಲ್ಲೇ ಹಾಳಾಯಿತು. ಅವತ್ತು ಸ್ಕ್ಯಾನರ್ ಮುಚ್ಚಿ ಮನೆಗೆ ಹೋದೆ.

ಗಾಜಿನಿಂದ ಸ್ವಲ್ಪ ಮೇಲೆದ್ದ ಕಾಗದವನ್ನೂ ನೋಡಬಲ್ಲ ಸಿಸಿಡಿ ಸೆನ್ಸರ್ ಇರುವ ದಪ್ಪ ಫ್ಲ್ಯಾಟ್‌ಬೆಡ್ ಆಗಿದ್ದರೆ ಮಸುಕು ಕಡಿಮೆ ಇರುತ್ತಿತ್ತು, ನಿಜ. ಆದರೂ ಪುಸ್ತಕವನ್ನು ಬೋರಲು ಹಾಕಲೇಬೇಕು, ಒತ್ತಲೇಬೇಕು. ಒಂದು ಸಾಲು ಎರಡು ಚಿತ್ರಗಳಲ್ಲಿ ಹರಿದು ಹಂಚಿಹೋಗುವುದೂ ತಪ್ಪುವುದಿಲ್ಲ.

ಬುಕ್ ಸ್ಕ್ಯಾನರ್ ವಿಷಯ ಬೇಗ ಮುಗಿಸುತ್ತೇನೆ. ಪುಸ್ತಕ ಅಂಗಾತ ಇರುತ್ತದೆ, ಒತ್ತಡ ಇಲ್ಲ, ವೇಗ ಜಾಸ್ತಿ. ಆದರೆ ನಾನು ಬಳಸಿದ್ದರಲ್ಲಿ ಸಾಫ್ಟ್‌ವೇರ್ ತಾನೇ ಪುಟವನ್ನು ನೇರ ಮಾಡುತ್ತಿತ್ತು, ನೇರ ಇದ್ದ ಗೆರೆ ಅಲೆಯಾಗುತ್ತಿತ್ತು. ಹಾಳೆ ಹಿಡಿದ ಬೆರಳನ್ನು ಅಳಿಸುವಾಗ ಪಕ್ಕದ ಪೆನ್ಸಿಲ್ ಟಿಕ್ ಗುರುತನ್ನೂ ಅಳಿಸಿತು. ಯಾರೋ ಒಬ್ಬರು ಆ ಸಾಲು ಪರೀಕ್ಷಿಸಿ ಹಾಕಿದ ಗುರುತು ಅದು. ಓದೋಕೆ ಪುಸ್ತಕ ಬೇಕಾದವರಿಗೆ ಈ ಯಂತ್ರ ಸಾಕು. ದಾಖಲೆಗೆ ಬೇಡ.

ಈಗ ಕ್ಯಾಮೆರಾ. 24 ಮೆಗಾಪಿಕ್ಸೆಲ್‌ನದು ನನ್ನ ಹತ್ತಿರ ಮೊದಲೇ ಇತ್ತು, ಮ್ಯಾಕ್ರೋ ಲೆನ್ಸ್ ಕೂಡ. ಕೊಂಡಿದ್ದು ಸ್ಟ್ಯಾಂಡ್ ಮತ್ತು ಎರಡು ಎಲ್‌ಇಡಿ ದೀಪ ಮಾತ್ರ. ದೀಪಗಳು ಎರಡೂ ಕಡೆಯಿಂದ 45 ಡಿಗ್ರಿಯಲ್ಲಿ. ಲಾಗ್‌ಬುಕ್ ತೆರೆದು, ತಗ್ಗಿರುವ ಕಡೆಯ ರಟ್ಟಿನ ಕೆಳಗೆ ಮಡಚಿದ ಬಟ್ಟೆ ಕೊಟ್ಟರೆ ಎರಡೂ ಪುಟ ಒಂದೇ ಮಟ್ಟಕ್ಕೆ ಬರುತ್ತವೆ. ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್/8ರಲ್ಲಿ ತೆಗೆದರೆ ಒಂದು ಸೆಂಟಿಮೀಟರಿನಷ್ಟು ಏರುತಗ್ಗು ಇದ್ದರೂ ಸ್ಪಷ್ಟ. ಎ3 ಅಗಲದ ಜೋಡಿಪುಟಕ್ಕೆ ಇಂಚಿಗೆ ಸುಮಾರು 340 ಪಿಕ್ಸೆಲ್ ಸಿಗುತ್ತದೆ. ಕೈಬರಹಕ್ಕೆ ಅಷ್ಟು ಧಾರಾಳ. ಇಡೀ ಸಾಲು ಒಂದೇ ಚಿತ್ರದಲ್ಲಿ!

ಇದಕ್ಕೂ ಕಿರಿಕಿರಿ ಇದೆ. ಕ್ಯಾಮೆರಾ ಸ್ವಲ್ಪ ವಾಲಿದರೂ ಒಂದು ಮೂಲೆ ಮಸುಕಾಗುತ್ತದೆ. ಅದಕ್ಕೆ ಪುಸ್ತಕ ಇಡುವ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಸ್ಕ್ರೀನಿನ ಸರಿಯಾಗಿ ನಡುವೆ ಕಂಡರೆ ಕ್ಯಾಮೆರಾ ನೇರ ಇದೆ ಅಂತ ಅರ್ಥ. ಎರಡು ನಿಮಿಷದ ಕೆಲಸ. ನಾನು ಪ್ರತಿದಿನ ಮೊದಲು ಇದನ್ನೇ ಮಾಡುತ್ತೇನೆ.

ಫೋಟೋಗಳಲ್ಲಂತೂ ಕ್ಯಾಮೆರಾ ಬಹಳ ಮುಂದೆ. ಹಳೇ ಕಪ್ಪುಬಿಳುಪು ಫೋಟೋದ ಕಪ್ಪು ಭಾಗದಲ್ಲಿ ಬೆಳ್ಳಿ ಮೇಲೆ ಬಂದು ನೀಲಿಯಾಗಿ ಹೊಳೆಯುತ್ತದೆ, ನೋಡಿರಬಹುದು. ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರ್ ಹಾಕಿ ಫಿಲ್ಟರ್ ತಿರುಗಿಸಿದರೆ ಆ ಹೊಳಪು ಮಾಯ. ರೆಕ್ಕೆಯ ಕೆಳಗೆ ನಿಂತವರ ಮುಖ ಕಾಣಿಸುತ್ತದೆ. ಫೋಟೋದ ಬೆನ್ನನ್ನೂ ಮರೆಯದೆ ತೆಗೆಯಿರಿ. ಹೆಸರು, ದಿನಾಂಕ ಇರೋದು ಅಲ್ಲಿ.

ನೆಗೆಟಿವ್‌ಗೂ ಇದೇ. ಕೆಳಗೆ ಲೈಟ್ ಪ್ಯಾನೆಲ್ ಇಟ್ಟು 35 ಎಂಎಂ ನೆಗೆಟಿವ್ ತುಂಬಾ ಹತ್ತಿರದಿಂದ ತೆಗೆದರೆ ಇಂಚಿಗೆ 4,000 ಪಿಕ್ಸೆಲ್ ದಾಟುತ್ತದೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಕೊಳೆಯುತ್ತಿರುವ ಅಸಿಟೇಟ್ ಫಿಲ್ಮ್. ಅದನ್ನು ಬೇರೆ ಇಡಿ, ಮೊದಲು ಅದರದ್ದೇ ಚಿತ್ರ ತೆಗೆಯಿರಿ. 1950ರ ದಶಕಕ್ಕಿಂತ ಹಿಂದಿನ ಫಿಲ್ಮ್ ಆದರೆ ನೈಟ್ರೇಟ್ ಇರಬಹುದು. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ತಿಳಿದವರನ್ನು ಕರೆಯದೆ ಮುಟ್ಟಬೇಡಿ.

ನೀಲಿನಕ್ಷೆ ಮೇಜಿಗಿಂತ ಉದ್ದ. ಸ್ಕ್ಯಾನರ್‌ಗೆ ಮಡಚಬೇಕು, ಕ್ಯಾಮೆರಾದಲ್ಲಿ ಸರಿಸುತ್ತಾ ತುಂಡು ತುಂಡಾಗಿ ತೆಗೆದು ಜೋಡಿಸಬಹುದು. ಬೆಳಕಿಗೆ ಆ ನೀಲಿ ಮಾಸುತ್ತದೆ, ಕ್ಲಿಕ್ ಮಾಡುವಾಗ ಮಾತ್ರ ದೀಪ ಹಾಕಿ. ಹಳೇ ಕಾಗದ ಇಡೋಕೆ ಬಳಸುವ, ಕ್ಷಾರ ಬೆರೆಸಿದ ಫೋಲ್ಡರ್ ಕೂಡ ಅದಕ್ಕೆ ಆಗಿಬರುವುದಿಲ್ಲ.

ಯಾವುದರಲ್ಲಿ ತೆಗೆದರೂ ಮೊದಲು ಧೂಳು ತೆಗೆಯಬೇಕಲ್ವಾ, ಒಣ ಬ್ರಷ್‌ನಲ್ಲೇ ತೆಗೆಯಿರಿ. ಆ ಕಾಲದಲ್ಲಿ ಅಳಿಸಲಾಗದ ಪೆನ್ಸಿಲ್ ಅಂತ ಒಂದು ಬಳಸುತ್ತಿದ್ದರು. ಒದ್ದೆ ತಾಗಿದರೆ ಬರಹ ನೇರಳೆಯಾಗಿ ಹರಡುತ್ತದೆ.

ಫೈಲ್ ದೊಡ್ಡದಾಗುತ್ತದೆ ಅನ್ನೋದು ಕ್ಯಾಮೆರಾ ಮೇಲಿನ ದೂರು. ಬಣ್ಣದ ವಿವರ ಜಾಸ್ತಿ ಹಿಡಿದಿಡುವ 16 ಬಿಟ್ ಟಿಫ್ ಫೈಲ್ ಒಂದಕ್ಕೆ 144 ಎಂಬಿ. ಆದರೆ ಫ್ಲ್ಯಾಟ್‌ಬೆಡ್‌ನಲ್ಲಿ 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ತೆಗೆದ ಎ4 ಹಾಳೆಯೂ 100 ಎಂಬಿ ದಾಟುತ್ತದೆ, ಅದೂ 8 ಬಿಟ್‌ನಲ್ಲಿ. ಮೂರು ಪ್ರತಿ ಇಟ್ಟಿದ್ದೇನೆ, ಒಂದು ಬೇರೆ ಕಟ್ಟಡದಲ್ಲಿ. ಪ್ರತಿ ಫೈಲಿಗೂ ಚೆಕ್‌ಸಮ್ (ಫೈಲ್ ಸ್ವಲ್ಪ ಕೆಟ್ಟರೂ ಬದಲಾಗುವ ಗುರುತಿನ ಸಂಖ್ಯೆ) ಬರೆದಿಟ್ಟು ಆಗಾಗ ತಾಳೆ ನೋಡುತ್ತೇನೆ.

ಮನೆಯಲ್ಲಿ ಕ್ಯಾಮೆರಾ ಇಲ್ಲದವರಿಗೆ, ಪೆಟ್ಟಿಗೆಯಲ್ಲಿ ಬರೀ ಬಿಡಿ ಪತ್ರಗಳೇ ಇದ್ದರೆ, ಸುಮ್ನೆ ಸ್ಟ್ಯಾಂಡ್ ಕೊಳ್ಳಿ ಅನ್ನೋದಿಲ್ಲ. ನನ್ನ ಫ್ಲ್ಯಾಟ್‌ಬೆಡ್ ಈಗಲೂ ಪಕ್ಕದ ಮೇಜಿನ ಮೇಲಿದೆ, ಪತ್ರಗಳೆಲ್ಲ ಅದರಲ್ಲೇ. ನಾನು ಒಬ್ಬನೇ ಕೂತು ಕೆಲಸ ಮಾಡೋನು, ಒಂದು ಪುಸ್ತಕ ಒಂದೇ ಮಧ್ಯಾಹ್ನ ಮುಗಿದರೆ ಸಮಾಧಾನ. ಸ್ಟ್ಯಾಂಡ್‌ನಲ್ಲಿ ಮುಗಿಯುತ್ತದೆ.

ಹೊಲಿಗೆ ಬಿಟ್ಟ ಆ ಲಾಗ್‌ಬುಕ್ಕನ್ನು ಸ್ಟ್ಯಾಂಡ್ ಬಂದ ಮೇಲೆ ಮೊದಲಿಗೇ ತೆಗೆದೆ. ಸಡಿಲ ಹಾಳೆಗಳನ್ನು ಅದರದರ ಜಾಗದಲ್ಲಿಟ್ಟು, ಎಲ್ಲೂ ಒತ್ತದೆ. ಆ ಸಾಲನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದೆ. 1 ಗಂಟೆ 35 ನಿಮಿಷ. ಕೆಳಗಿನ ಮೊತ್ತ ಕೂಡಿ ನೋಡಿದೆ, ತಾಳೆಯಾಯಿತು.